ಸರಾಸರಿಯಲ್ಲಿ ಕಳೆದುಹೋದ ಗಾಳಿ

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರ ಸಿವಿಲ್ ವಿಭಾಗದಲ್ಲಿ ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು ನನ್ನ ಮಾರ್ಗದರ್ಶನದಲ್ಲಿ ಕೈಗೊಂಡ ಒಂದು ಪ್ರಾಜೆಕ್ಟಿನ ವಿವರವನ್ನು ಇಲ್ಲಿ ಆದಿಯಿಂದ ದಾಖಲಿಸುತ್ತಿದ್ದೇನೆ. ಕಡಲಂಚಿನ ಆಳವಿಲ್ಲದ ಉಬ್ಬರದ ಕೊಳಗಳಲ್ಲಿ, ಅಂದರೆ ಸಮುದ್ರದ ನೀರು ಅಳಿವೆಗಳ ಮೂಲಕ ದಿನಕ್ಕೆರಡು ಸಲ ಒಳಬಂದು ಹೊರಹೋಗುವ ವಿಶಾಲವಾದ ತಗ್ಗುಗಳಲ್ಲಿ, ಗಾಳಿ ನೀರನ್ನು ಹೇಗೆ ಸಾಗಿಸುತ್ತದೆ ಎಂಬುದು ಅವರು ಎತ್ತಿಕೊಂಡ ಪ್ರಶ್ನೆಯಾಗಿತ್ತು. ನಾಲ್ವರಲ್ಲಿ ಒಬ್ಬಳು ಆಳಂದದವಳು, ಒಬ್ಬ ಸೇಡಂನವನು, ಉಳಿದಿಬ್ಬರು ಸುರಪುರದ ಕಡೆಯವರು. ಮೂವರು ಅದುವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ಅಂಥವರಿಗೆ ಇಂಥ ವಿಷಯ ಎಲ್ಲಿಂದ ಬಂತು ಎಂದು ಸಹೋದ್ಯೋಗಿಗಳು ಆಗ ಕೇಳಿದ್ದರು. ಅದು ಬಂದದ್ದು ಅಣೆಕಟ್ಟಿನ ಪಾಠದಿಂದ.

ಮಣ್ಣಿನ ಅಣೆಕಟ್ಟನ್ನು ವಿನ್ಯಾಸ ಮಾಡುವಾಗ ಪೂರ್ಣ ನೀರಿನ ಮಟ್ಟಕ್ಕಿಂತ ಮೇಲೆ ಎಷ್ಟು ಎತ್ತರವನ್ನು ಖಾಲಿ ಬಿಡಬೇಕು ಎಂಬ ಲೆಕ್ಕವೊಂದಿದೆ. ಅದನ್ನು ಫ್ರೀಬೋರ್ಡ್ ಎನ್ನುತ್ತೇವೆ. ಜಲಾಶಯದ ಮೇಲೆ ಜೋರು ಗಾಳಿ ಬೀಸಿದಾಗ ಅಲೆಗಳು ಏಳುವುದಷ್ಟೇ ಅಲ್ಲ, ನೀರಿನ ಇಡೀ ಮೈ ಗಾಳಿ ಹೋಗುವ ದಿಕ್ಕಿಗೆ ಸರಿದು, ಆ ಕಡೆಯ ದಂಡೆಯಲ್ಲಿ ಮಟ್ಟ ಏರುತ್ತದೆ. ಈ ಏರನ್ನು ಅಂದಾಜು ಮಾಡಲು ನಾವು ತರಗತಿಯಲ್ಲಿ ಕಲಿಸುವ ಸೂತ್ರ ಸರಳವಾದದ್ದು: ಗಂಟೆಗೆ ಕಿಲೋಮೀಟರಿನ ಲೆಕ್ಕದಲ್ಲಿ ಗಾಳಿಯ ವೇಗವನ್ನು ವರ್ಗ ಮಾಡಿ, ಗಾಳಿ ತಡೆಯಿಲ್ಲದೆ ನೀರಿನ ಮೇಲೆ ಓಡುವ ಕಿಲೋಮೀಟರ್ ದೂರದಿಂದ ಗುಣಿಸಿ, ಬಂದದ್ದನ್ನು 62000ದಿಂದಲೂ ಮೀಟರಿನಲ್ಲಿರುವ ಸರಾಸರಿ ಆಳದಿಂದಲೂ ಭಾಗಿಸಿದರೆ ಏರು ಮೀಟರಿನಲ್ಲಿ ಸಿಗುತ್ತದೆ. ಈ ಸೂತ್ರಕ್ಕೆ ಜುಯ್ಡರ್ ಝೀ ಸೂತ್ರ ಎಂದು ಹೆಸರು. ಒಂದು ದಿನ ಆಳಂದದ ಹುಡುಗಿ ಎದ್ದು ನಿಂತು, "ಸರ, ಅಲೆ ಸೂತ್ರಕ್ಕ ಮೊಲಿಟರ್, ಸ್ಟೀವನ್‌ಸನ್ ಅಂತ ವಿಜ್ಞಾನಿಗಳ ಹೆಸರದಾವ. ಹಂಗ ಈ ಜುಯ್ಡರ್ ಝೀನೂ ಒಬ್ರು ವಿಜ್ಞಾನಿ ಏನರಿ?" ಎಂದು ಕೇಳಿದಳು. ಅದು ವ್ಯಕ್ತಿಯ ಹೆಸರಲ್ಲ, ಸಮುದ್ರದ ಹೆಸರು. ಆ ಸಮುದ್ರ ಈಗ ಸಮುದ್ರವಾಗಿ ಉಳಿದಿಲ್ಲ ಎಂದು ಹೇಳಿದೆ. ಪ್ರಾಜೆಕ್ಟ್ ಅಲ್ಲಿಂದ ಶುರುವಾಯಿತು.

ಜುಯ್ಡರ್ ಝೀ ಎಂದರೆ ಡಚ್ ಭಾಷೆಯಲ್ಲಿ ದಕ್ಷಿಣದ ಸಮುದ್ರ. ನೆದರ್‌ಲ್ಯಾಂಡ್ಸ್ ದೇಶದ ನಡುವಿಗೇ ಚಾಚಿಕೊಂಡಿದ್ದ, ನಾಲ್ಕೈದು ಮೀಟರ್ ಆಳದ, ಬಹು ವಿಸ್ತಾರವಾದ ಉಪ್ಪುನೀರಿನ ಹರವು ಅದು. 1916ರ ಜನವರಿಯ ಬಿರುಗಾಳಿಯಲ್ಲಿ ಅದರ ನೀರು ಒಡ್ಡುಗಳನ್ನು ಮುರಿದು ಊರುಗಳಿಗೆ ನುಗ್ಗಿದ ಮೇಲೆ, ಬಾಯಿಗೇ ಅಡ್ಡಲಾಗಿ ಒಡ್ಡು ಕಟ್ಟಿ ಅದನ್ನು ಸಮುದ್ರದಿಂದ ಬೇರ್ಪಡಿಸುವ ಕಾನೂನು 1918ರಲ್ಲಿ ಆಯಿತು. ಆದರೆ ಒಡ್ಡು ಕಟ್ಟಿದರೆ ಅದರ ಹೊರಗೆ ಉಳಿಯುವ ನೀರಿನಲ್ಲಿ ಉಬ್ಬರವೂ ಬಿರುಗಾಳಿಯ ಏರೂ ಎಷ್ಟು ಬದಲಾಗುತ್ತವೆ ಎಂದು ಮೊದಲೇ ತಿಳಿಯಬೇಕಿತ್ತು. ಇಲ್ಲವಾದರೆ ಹೊರಗಿನ ದಂಡೆಯ ಒಡ್ಡುಗಳನ್ನು ಎಷ್ಟು ಎತ್ತರಿಸಬೇಕು ಎಂಬುದು ಕುರುಡು ಊಹೆಯಾಗುತ್ತಿತ್ತು. ಆ ಲೆಕ್ಕ ಹಾಕಲು ರಚಿಸಿದ ಸಮಿತಿಯ ಅಧ್ಯಕ್ಷತೆ ವಹಿಸಿದವರು 1902ರಲ್ಲಿ ನೊಬೆಲ್ ಪಡೆದಿದ್ದ ಭೌತವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಸ್. ಸಾಪೇಕ್ಷತೆಯ ಪಾಠದಲ್ಲಿ ನಮ್ಮ ಮಕ್ಕಳು ಓದುವ ಅದೇ ಲೊರೆಂಟ್ಸ್ ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಎಂಟು ವರ್ಷ ಉಬ್ಬರದ ನೀರಿನ ಲೆಕ್ಕದಲ್ಲಿ ಕಳೆದರು. 1926ರಲ್ಲಿ ವರದಿ ಬಂತು, 1928ರಲ್ಲಿ ಅವರು ತೀರಿಕೊಂಡರು, 1932ರ ಮೇ ತಿಂಗಳಲ್ಲಿ 32 ಕಿಲೋಮೀಟರ್ ಉದ್ದದ ಆಫ್‌ಸ್ಲೌಟ್‌ಡೈಕ್ ಒಡ್ಡು ಮುಚ್ಚಿಕೊಂಡಿತು. ಸಮಿತಿ ಮುಂಚಿತವಾಗಿ ಹೇಳಿದಂತೆ ಹೊರಗಿನ ಉಬ್ಬರ ಹೆಚ್ಚಿತು. ನೀರಿನ ಎಂಜಿನಿಯರಿಂಗ್ ಕಲಿಯುವ ಪ್ರತಿ ವಿದ್ಯಾರ್ಥಿಗೂ ಈ ಕಥೆಯನ್ನು ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಒಡ್ಡಿನ ಒಳಗಿನದು ಕಾಲಕ್ರಮದಲ್ಲಿ ಸಿಹಿನೀರಿನ ಸರೋವರವಾಯಿತು. ಹೊರಗೆ ಉಳಿದದ್ದು ವಾಡನ್ ಸಮುದ್ರದ ಪಶ್ಚಿಮ ಭಾಗ. ನಮ್ಮ ಪ್ರಕರಣದ ನೆಲ ಅದು. ಒಂದು ಕಡೆ ಮುಖ್ಯ ಭೂಮಿ, ಇನ್ನೊಂದು ಕಡೆ ಸಾಲಾಗಿ ದ್ವೀಪಗಳು, ದ್ವೀಪಗಳ ಸಂದಿಯಲ್ಲಿ ಅಳಿವೆಗಳು. ಇಳಿತದ ಹೊತ್ತಿಗೆ ಕೆಸರು ಬಯಲುಗಳು ತೆರೆದುಕೊಳ್ಳುತ್ತವೆ, ಉಬ್ಬರದ ಹೊತ್ತಿಗೆ ಅವುಗಳ ಮೇಲೆ ಮೀಟರಿನಷ್ಟು ನೀರು ನಿಲ್ಲುತ್ತದೆ. ನೈಋತ್ಯದ ತುದಿಯಲ್ಲಿ, ಡೆನ್ ಹೆಲ್ಡರ್ ಪಟ್ಟಣಕ್ಕೂ ಟೆಕ್ಸೆಲ್ ದ್ವೀಪಕ್ಕೂ ನಡುವೆ ಇರುವ ಅಳಿವೆ ಮಾರ್ಸ್‌ಡೀಪ್. ಅದಕ್ಕೆ ಈಶಾನ್ಯದಲ್ಲಿ, ವ್ಲೀಲ್ಯಾಂಡ್ ದ್ವೀಪವನ್ನು ದಾಟಿದ ಮೇಲೆ ಸಿಗುವುದು ವ್ಲೀ. ಇವೆರಡರ ನಡುವೆ ಇನ್ನೊಂದು ಚಿಕ್ಕ ಅಳಿವೆಯಿದೆಯಾದರೂ ನಮ್ಮ ಲೆಕ್ಕದಲ್ಲಿ ಅದನ್ನು ಬಿಟ್ಟಿದ್ದೆವು. ಮಾರ್ಸ್‌ಡೀಪ್ ಮೂಲಕ ಒಂದು ಉಬ್ಬರಕ್ಕೆ ಒಳಬರುವ ನೀರು ಸುಮಾರು ನೂರು ಕೋಟಿ ಘನ ಮೀಟರ್. ಈ ಸಂಖ್ಯೆ ಹೇಳಿದಾಗ ವಿದ್ಯಾರ್ಥಿಗಳ ಮುಖದಲ್ಲಿ ಏನೂ ಕಾಣಲಿಲ್ಲ. ಟಿಎಂಸಿಗೆ ಬದಲಿಸಿ, 35 ಟಿಎಂಸಿ ಎಂದಾಗ ಸುರಪುರದ ಹುಡುಗರಿಬ್ಬರೂ ಒಟ್ಟಿಗೆ ತಲೆಯೆತ್ತಿದರು. ಅವರ ಊರ ಪಕ್ಕದ, ಬಸವಸಾಗರ ಎಂದೂ ಕರೆಯುವ ನಾರಾಯಣಪುರ ಜಲಾಶಯದ ಒಟ್ಟು ಸಾಮರ್ಥ್ಯ 33.31 ಟಿಎಂಸಿ. ಅಷ್ಟು ದೊಡ್ಡ ಬಸವಸಾಗರದಷ್ಟು ನೀರು ಆರು ಗಂಟೆಯಲ್ಲಿ ಒಳಗೆ ಬಂದು, ಮುಂದಿನ ಆರು ಗಂಟೆಯಲ್ಲಿ ಹೊರಗೆ ಹೋಗಿ, ಹೀಗೆ ವರ್ಷವಿಡೀ ದಿನಕ್ಕೆರಡು ಸಲ ನಡೆಯುತ್ತದೆ.

ಇಷ್ಟು ದೊಡ್ಡ ಓಡಾಟದ ಮುಂದೆ ಗಾಳಿಗೆ ಏನು ಬೆಲೆ? ಸೇಡಂನ ಹುಡುಗ ಮೊದಲ ದಿನವೇ ಈ ಪ್ರಶ್ನೆ ಕೇಳಿದ. ಉಬ್ಬರ ತಂದ ನೀರನ್ನು ಇಳಿತ ಬಹುಪಾಲು ಮರಳಿ ಒಯ್ಯುತ್ತದೆ. ಹೋಗಿ ಬಂದ ಲೆಕ್ಕವನ್ನು ಕಳೆದ ಮೇಲೆ ಉಳಿಯುವ ನಿವ್ವಳ ಹರಿವು ಬಹಳ ಚಿಕ್ಕದು, ಆದರೆ ಕೊಳದ ನೀರು ಹೊಸದಾಗುವುದು ಆ ಉಳಿಕೆಯಿಂದಲೇ. ಒಡ್ಡಿನ ತೂಬುಗಳಿಂದ ಬಿಡುವ ಸಿಹಿನೀರು, ಕೆಸರು, ಮೀನು ಚಿಪ್ಪುಗಳ ಮರಿಗಳು ಯಾವ ಅಳಿವೆಯಿಂದ ಎಷ್ಟು ದಿನಕ್ಕೆ ಹೊರಗೆ ಬೀಳುತ್ತವೆ ಎಂಬುದೂ ಅದರಿಂದಲೇ ನಿರ್ಧಾರವಾಗುತ್ತದೆ. ಗಾಳಿಯೇ ಇಲ್ಲದಿದ್ದರೆ ಆ ಉಳಿಕೆಯ ದಿಕ್ಕು ವ್ಲೀಯಿಂದ ಮಾರ್ಸ್‌ಡೀಪ್ ಕಡೆಗೆ, ಏಕೆಂದರೆ ವ್ಲೀಯ ಬಳಿ ಉಬ್ಬರವಿಳಿತದ ಏರಿಳಿತ ಹೆಚ್ಚು. ಗಾಳಿ ಸೇರಿದಾಗ ಏನಾಗುತ್ತದೆ ಎಂಬುದನ್ನು ಚಿಕ್ಕ ಮಾದರಿಯೊಂದರಿಂದ ತೋರಿಸುವುದು ಗುಂಪಿನ ಗುರಿಯಾಗಿತ್ತು.

ಅವರು ಕಂಪ್ಯೂಟರಿನಲ್ಲಿ ಮಾಡಿದ ಮಾದರಿ ಎರಡೂ ತುದಿ ತೆರೆದ ಒಂದು ಉದ್ದನೆಯ ಕಾಲುವೆ. ತುದಿಗಳಲ್ಲಿ ಉಬ್ಬರ, ಮೇಲೆ ಗಾಳಿಯ ಎಳೆತ, ಕೆಳಗೆ ತಳದ ಘರ್ಷಣೆ. ಡೆನ್ ಹೆಲ್ಡರ್ ಬಳಿಯ ಡೆ ಕೂಯ್ ಹವಾಮಾನ ಕೇಂದ್ರದ ಗಂಟೆಗಂಟೆಯ ಗಾಳಿಯ ದಾಖಲೆಗಳು ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ. ಒಂದು ವರ್ಷದ ದಾಖಲೆ ಎಂದರೆ 8760 ಸಾಲು. ಅಷ್ಟನ್ನೂ ಮಾದರಿಗೆ ಉಣಿಸುವುದು ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಕಷ್ಟವೆಂದು ತೋರಿದ್ದರಿಂದ, ಗಾಳಿಯನ್ನು ಪೂರ್ವ ಪಶ್ಚಿಮ, ಉತ್ತರ ದಕ್ಷಿಣ ಘಟಕಗಳಾಗಿ ಒಡೆದು, ವರ್ಷದ ಸರಾಸರಿ ತೆಗೆದು, ಆ ಒಂದೇ ಗಾಳಿಯನ್ನು ವರ್ಷವಿಡೀ ಬೀಸಿಸಿ ಎಂದು ಹೇಳಿದವನು ನಾನೇ. ಫಲಿತಾಂಶ ಅಚ್ಚುಕಟ್ಟಾಗಿ ಬಂತು. ನಿವ್ವಳ ಹರಿವು ವ್ಲೀಯಿಂದ ಮಾರ್ಸ್‌ಡೀಪ್ ಕಡೆಗೆ, ಗಾಳಿ ಇಲ್ಲದಾಗ ಇದ್ದಂತೆಯೇ. ಗಾಳಿಯಿಂದ ಬಂದ ಬದಲಾವಣೆ ಹೇಳಿಕೊಳ್ಳುವಂಥದ್ದಲ್ಲ. ಇಂಥ ಕೊಳದಲ್ಲಿ ಗಾಳಿಯ ಪಾತ್ರ ಗೌಣ ಎಂದು ಕರಡು ವರದಿಯಲ್ಲಿ ಬರೆದರು. ನಾನು ಸಹಿ ಮಾಡಿದೆ.

ತಪ್ಪು ಗೊತ್ತಾದದ್ದು ಕಂಪ್ಯೂಟರಿನ ಮುಂದೆ ಅಲ್ಲ. ಆಷಾಢದ ಗಾಳಿ ಜೋರಾಗಿದ್ದ ದಿನಗಳಲ್ಲಿ, ಗಾಳಿಗೆ ನೀರು ಸರಿಯುವುದನ್ನು ಮಕ್ಕಳು ಕಣ್ಣಾರೆ ಕಾಣಲಿ ಎಂಬ ಆಸೆಯಿಂದ ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಕೆರೆಗೆ ಹೋಗಿದ್ದೆವು. ಕೆರೆಯ ಉದ್ದ ಸುಮಾರು 800 ಮೀಟರ್. ಪಡುಗಾಳಿಯಲ್ಲಿ ಮೂಡಣದ ಏರಿಯ ಕಡೆ ನೀರು ಎಷ್ಟು ಏರಬಹುದು ಎಂದು ಮೊದಲೇ ಲೆಕ್ಕ ಹಾಕಿದ್ದೆವು: ಎರಡು ಮೀಟರ್ ಆಳ, ಸೆಕೆಂಡಿಗೆ 10 ಮೀಟರ್ ಗಾಳಿ ಎಂದುಕೊಂಡರೂ ಎರಡು ತುದಿಗಳ ವ್ಯತ್ಯಾಸ ಆರು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಲೆಗಳ ಕುಣಿತದ ನಡುವೆ ಅದನ್ನು ಅಳತೆ ಪಟ್ಟಿಯಲ್ಲಿ ಓದಲಾಗದು. ಆದ್ದರಿಂದ ಮಟ್ಟವನ್ನು ಬಿಟ್ಟು ಹರಿವನ್ನು ನೋಡಲು ನಿರ್ಧರಿಸಿದ್ದೆವು. ಮೇಲ್ಪದರಕ್ಕೆ ಕಿತ್ತಳೆ ಹಣ್ಣುಗಳು. ಅವು ಬಹುಪಾಲು ಮುಳುಗಿ ತೇಲುವುದರಿಂದ ಗಾಳಿ ನೇರವಾಗಿ ಅವುಗಳನ್ನು ತಳ್ಳುವುದು ಕಡಿಮೆ, ನೀರು ಒಯ್ದಲ್ಲಿಗೆ ಹೋಗುತ್ತವೆ. ತಳದ ಪದರಕ್ಕೆ, ಎರಡು ತಗಡಿನ ಹಾಳೆಗಳನ್ನು ಅಡ್ಡಡ್ಡ ಸೀಳಿ ಒಂದರೊಳಗೊಂದು ಸಿಕ್ಕಿಸಿ, ಹಗ್ಗದಲ್ಲಿ ಇಳಿಬಿಟ್ಟು, ಹಗ್ಗದ ಮೇಲಿನ ತುದಿಗೆ ಅಂಗೈಯಷ್ಟು ಥರ್ಮೋಕೋಲ್ ಕಟ್ಟಿದ್ದೆವು.

ಹರಿಗೋಲು ಹಾಕಿಕೊಂಡು ಮೀನು ಹಿಡಿಯುವ ಊರಿನ ಹಿರಿಯರೊಬ್ಬರು ನಮ್ಮನ್ನು ಒಯ್ದರು. ಹುಡುಗರು ಅವರನ್ನು ಮುತ್ಯಾ ಎಂದೇ ಕರೆಯುತ್ತಿದ್ದರು. ಉತ್ತರದ ದಂಡೆಯ ಬಳಿ, ಸೊಂಟದುದ್ದ ನೀರಿನಲ್ಲಿ ಬಿಟ್ಟ ಕಿತ್ತಳೆಯೂ ತಗಡೂ ಎರಡೂ ಗಾಳಿಯ ಜೊತೆ ಏರಿಯ ಕಡೆಗೆ ಹೊರಟವು. ಕೆರೆಯ ನಡುವೆ, ಹಳೆಯ ಹಳ್ಳದ ಪಾತ್ರ ಹಾದುಹೋಗಿರುವ ಆಳದ ಜಾಗದಲ್ಲಿ, ಅದೇ ಜೋಡಿಯನ್ನು ಮತ್ತೆ ಬಿಟ್ಟೆವು. ಕಿತ್ತಳೆ ಏರಿಯ ಕಡೆಗೆ ಹೋಯಿತು. ಥರ್ಮೋಕೋಲಿನ ತುಂಡು ಒಂದು ಕ್ಷಣ ಅಲೆಗಳ ಮೇಲೆ ಅಲ್ಲೇ ನಡುಗುತ್ತ ನಿಂತು, ಆಮೇಲೆ ಕಾಣದ ಕೈಯೊಂದು ಕೆಳಗಿನಿಂದ ಹಗ್ಗ ಹಿಡಿದು ಜಗ್ಗಿದಂತೆ, ಎದುರಾಗಿ ಬರುವ ಅಲೆಗಳನ್ನು ಒಂದೊಂದಾಗಿ ಹತ್ತಿ ಇಳಿಯುತ್ತ, ಬೀಸುವ ಗಾಳಿಗೆ ಎದುರಾಗಿ ಪಡುವಣಕ್ಕೆ ತೆವಳತೊಡಗಿತು. ಆಳಂದದ ಹುಡುಗಿ ಹರಿಗೋಲಿನ ಅಂಚು ಹಿಡಿದು ಎಷ್ಟೋ ಹೊತ್ತು ಅದನ್ನೇ ನೋಡಿದಳು. ಮುತ್ಯಾನಿಗೆ ಇದರಲ್ಲಿ ಅಚ್ಚರಿಯಿರಲಿಲ್ಲ. "ಮ್ಯಾಲಿನ ನೀರು ಗಾಳಿ ಮಾತು ಕೇಳ್ತದ ತಂಗಿ, ತಳದ ನೀರು ಒಡ್ಡಿನ ಮಾತು ಕೇಳ್ತದ" ಎಂದರು.

ಅವರು ಹೇಳಿದ್ದಕ್ಕಿಂತ ಸ್ಪಷ್ಟವಾಗಿ ನಾನು ತರಗತಿಯಲ್ಲಿ ಹೇಳಿರಲಿಲ್ಲ. ಗಾಳಿಯ ಎಳೆತ ಆಳವಿದ್ದಲ್ಲಿಯೂ ಇಲ್ಲದಲ್ಲಿಯೂ ಪ್ರತಿ ಚದರ ಮೀಟರಿಗೆ ಒಂದೇ. ಏರಿಯ ಬಳಿ ಒಟ್ಟಾದ ನೀರು ಹಿಂದಕ್ಕೆ ತಳ್ಳುವ ಬಲವಾದರೋ ನೀರಿನ ಆಳದ ಜೊತೆ ಬೆಳೆಯುತ್ತದೆ, ಏಕೆಂದರೆ ಮೇಲ್ಮೈಯ ಇಳಿಜಾರು ಮೇಲಿನಿಂದ ತಳದವರೆಗೆ ನೀರಿನ ಇಡೀ ಕಂಬವನ್ನು ಒತ್ತುತ್ತದೆ. ಆದ್ದರಿಂದ ತೆಳುನೀರಿನಲ್ಲಿ ಗಾಳಿ ಗೆಲ್ಲುತ್ತದೆ, ನೀರು ತಳದವರೆಗೂ ಗಾಳಿಯ ಜೊತೆ ಸಾಗುತ್ತದೆ. ಆಳದ ಕಾಲುವೆಯಲ್ಲಿ ಇಳಿಜಾರು ಗೆದ್ದು, ನೀರು ಗಾಳಿಗೆ ಎದುರಾಗಿ ಮರಳುತ್ತದೆ. ಮುಚ್ಚಿದ ಕೆರೆಯಲ್ಲಿ ಈ ಎರಡು ಸರಿದೂಗಬೇಕು, ಬೇರೆ ದಾರಿಯಿಲ್ಲ. ಎರಡು ಅಳಿವೆಗಳಿರುವ ಕೊಳದಲ್ಲಿ ಹಾಗಲ್ಲ. ಒಂದು ಬಾಯಿಂದ ಹೊಕ್ಕ ನೀರು ಇನ್ನೊಂದರಿಂದ ಹೊರಬೀಳಬಹುದಾದ್ದರಿಂದ ತಿರುಗಿ ಬರುವ ಹಂಗು ಅದಕ್ಕಿಲ್ಲ, ಗಾಳಿ ಅದನ್ನು ಆರಪಾರ ಸಾಗಿಸಬಲ್ಲದು.

ಆದರೆ ನಮ್ಮ ತಪ್ಪನ್ನು ತೋರಿಸಿದ್ದು ಮುತ್ಯಾನ ಇನ್ನೊಂದು ಮಾತು. ಗಾಳಿಗೆ ಬಲೆ ಸರಿಯುವುದಿಲ್ಲವೇ ಎಂದು ಸೇಡಂನ ಹುಡುಗ ಕೇಳಿದಾಗ ಅವರು, "ದಿನಾ ಬೀಸೋ ಗಾಳಿಗೆ ಬಲಿ ಇಟ್ಟಲ್ಲೇ ಇರ್ತದ ತಮ್ಮಾ. ದೊಡ್ಡ ಗಾಳಿ ಎದ್ದ ದಿನ ಮಾತ್ರ ಮರುದಿನ ಹುಡುಕ್ಕೋತ ಹೋಗಬೇಕು" ಎಂದರು. ಬರುವಾಗ ಜೀಪಿನಲ್ಲಿ ಹುಡುಗ ಮೌನವಾಗಿದ್ದ. ಶಹಾಪುರ ದಾಟಿದ ಮೇಲೆ, ನಾವು ದೊಡ್ಡ ಗಾಳಿಯ ದಿನಗಳನ್ನು ಸಣ್ಣ ಗಾಳಿಯ ದಿನಗಳಲ್ಲಿ ಕಲಸಿಬಿಟ್ಟೆವಲ್ಲವೇ ಸರ್ ಎಂದು ಕೇಳಿದ. ಹೌದು, ಅದನ್ನೇ ಮಾಡಿದ್ದೆವು.

ಗಾಳಿಯ ಎಳೆತ ವೇಗದ ವರ್ಗದಂತೆ ಬೆಳೆಯುತ್ತದೆ. ನಾವು ಕಲಿಸುವ ಸೂತ್ರದಲ್ಲೇ ಅದು ಇದೆ. ಹತ್ತು ದಿನಗಳಲ್ಲಿ ಒಂಬತ್ತು ದಿನ ಸೆಕೆಂಡಿಗೆ 4 ಮೀಟರ್, ಒಂದು ದಿನ 16 ಮೀಟರ್ ಗಾಳಿ ಬೀಸಿತು ಎಂದುಕೊಳ್ಳಿ. ಸರಾಸರಿ ವೇಗ 5.2, ಅದರ ವರ್ಗ 27. ಬದಲಿಗೆ ಪ್ರತಿ ದಿನದ ವೇಗವನ್ನು ಮೊದಲು ವರ್ಗ ಮಾಡಿ ಆಮೇಲೆ ಸರಾಸರಿ ತೆಗೆದರೆ 40. ಹತ್ತು ದಿನಗಳ ಒಟ್ಟು ಎಳೆತದಲ್ಲಿ ಆ ಒಂದೇ ದಿನದ ಪಾಲು ಶೇ. 64. ಇದು ಒಂದು ತಪ್ಪು. ಎರಡನೆಯದು ಇನ್ನೂ ದೊಡ್ಡದು: ದಿಕ್ಕಿನ ಘಟಕಗಳ ಸರಾಸರಿ ತೆಗೆದಾಗ, ನೈಋತ್ಯದಿಂದ ಬಂದ ಬಿರುಗಾಳಿಯೂ ಈಶಾನ್ಯದಿಂದ ಬಂದ ಬಿರುಗಾಳಿಯೂ ಒಂದನ್ನೊಂದು ಅಳಿಸಿಹಾಕಿದ್ದವು. ಕಾಗದದ ಮೇಲೆ ಅಳಿಸಿಹೋದ ಎರಡೂ ಗಾಳಿಗಳು ಕೊಳದಲ್ಲಿ ತಂತಮ್ಮ ಕೆಲಸವನ್ನು ಪೂರ್ತಿ ಮಾಡಿ ಹೋಗಿರುತ್ತವೆ. ಒಂದು ಬಿರುಗಾಳಿ ವ್ಲೀಯಿಂದ ಹೊರಹಾಕಿದ ನೀರನ್ನು ಕರಾವಳಿಯ ಪ್ರವಾಹ ದೂರ ಒಯ್ದಿರುತ್ತದೆ. ಮುಂದಿನ ವಾರ ಎದುರು ಗಾಳಿ ಬೀಸಿದಾಗ ಒಳಬರುವುದು ಬೇರೆಯೇ ನೀರು. ಜಮೆ ಖರ್ಚು ಸೊನ್ನೆಯಾದರೂ ಕೊಳದ ನೀರು ಬದಲಾಗಿರುತ್ತದೆ.

ನಮ್ಮ ಸೀಮೆಯವರಿಗೆ ಇದು ಗೊತ್ತಿರದ ಸಂಗತಿಯಲ್ಲ. ವರ್ಷದ ಸರಾಸರಿ ಮಳೆ ಸರಿಯಾಗಿದೆ ಎಂದು ಅಂಕಿಅಂಶ ಹೇಳುವ ವರ್ಷವೇ ಮೃಗಶಿರಾದಲ್ಲಿ ತೊಗರಿ ಬಿತ್ತಲು ಹದವಿಲ್ಲದೆ, ಉತ್ತರಾ ಮಳೆಯಲ್ಲಿ ನಿಂತ ಬೆಳೆ ನೀರುಪಾಲಾದದ್ದನ್ನು ಪ್ರತಿ ಮನೆಯೂ ಕಂಡಿದೆ. ರಾಶಿಯ ಕಣದಲ್ಲಿ ತೂರುವವನು ದಿನದ ಸರಾಸರಿ ಗಾಳಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊರ ಎತ್ತಿ ಹಿಡಿದು ಗಾಳಿ ಏಳುವುದನ್ನು ಕಾಯುತ್ತಾನೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಅದರಲ್ಲಿರುವ ಭೌತವಿಜ್ಞಾನವನ್ನು ವರದಿಗೆ ಸಹಿ ಮಾಡುವಾಗ ನೆನೆಯಲಿಲ್ಲ ಎಂಬ ನೋವು ನನಗೆ ಉಳಿದಿದೆ.

ಲೆಕ್ಕವನ್ನು ಹೊಸದಾಗಿ ಹಾಕಿದೆವು. ಇಲ್ಲಿ ಲೊರೆಂಟ್ಸ್ ಅವರ ಉಪಾಯ ಕೈಹಿಡಿಯಿತು. ತಳದ ಘರ್ಷಣೆಯೂ ನೀರಿನ ವೇಗದ ವರ್ಗದಂತೆಯೇ ಬೆಳೆಯುತ್ತದೆ, ಅದರಿಂದ ಕೈಲೆಕ್ಕ ಜಟಿಲವಾಗುತ್ತದೆ. ಒಂದು ಉಬ್ಬರವಿಳಿತದ ಅವಧಿಯಲ್ಲಿ ಅಷ್ಟೇ ಶಕ್ತಿಯನ್ನು ನುಂಗುವ, ಆದರೆ ವೇಗಕ್ಕೆ ನೇರ ಅನುಪಾತದಲ್ಲಿರುವ ಘರ್ಷಣೆಯನ್ನು ಅದರ ಜಾಗದಲ್ಲಿ ಇಡಬಹುದು ಎಂದು ಅವರು ತೋರಿಸಿದ್ದರು. ಅದೇ ದಾರಿಯಲ್ಲಿ ನಡೆದರೆ, ಬಲವಾದ ಉಬ್ಬರವಿಳಿತದ ಮೇಲೆ ಕೂತ ಸಣ್ಣ ಗಾಳಿಹರಿವಿಗೆ ಎದುರಾಗುವ ಘರ್ಷಣೆಯನ್ನು ಉಬ್ಬರದ ವೇಗವೇ ನಿಗದಿ ಮಾಡುತ್ತದೆ ಎಂದಾಗುತ್ತದೆ. ಉಬ್ಬರ ಆಗ ಗಾಳಿಗೆ ಬ್ರೇಕಿನಂತೆ ವರ್ತಿಸುತ್ತದೆ. ಮೂರು ಮೀಟರ್ ಆಳದ, 30 ಕಿಲೋಮೀಟರ್ ಉದ್ದದ ಹರವಿನಲ್ಲಿ, ಉಬ್ಬರದ ಗರಿಷ್ಠ ವೇಗ ಸೆಕೆಂಡಿಗೆ ಅರ್ಧ ಮೀಟರ್ ಎಂದು ಹಿಡಿದೆವು. ಅಂಥಲ್ಲಿ ಉಬ್ಬರವೊಂದೇ ನೀರಿನ ಒಂದು ಕಣವನ್ನು ಸುಮಾರು 7 ಕಿಲೋಮೀಟರ್ ಒಯ್ದು, ಮರಳಿ ತಂದು ಬಿಡುತ್ತದೆ. ಉದ್ದಕ್ಕೂ ಸೆಕೆಂಡಿಗೆ 5 ಮೀಟರ್ ಗಾಳಿ ಬೀಸಿ, ಎರಡೂ ತುದಿಗಳು ತೆರೆದಿದ್ದು ಎದುರಿಗೆ ನೀರು ಒಟ್ಟಾಗದಿದ್ದರೆ, ಒಂದು ಉಬ್ಬರವಿಳಿತದ ಅವಧಿಯಲ್ಲಿ ಕಣ ತನ್ನ ಮೊದಲ ಜಾಗದಿಂದ ಒಂದು ಕಿಲೋಮೀಟರಿನಷ್ಟು ಮುಂದೆ ಸರಿದಿರುತ್ತದೆ. ಗಾಳಿ 15 ಮೀಟರಾದರೆ ಸರಿಯುವುದು ಒಂಬತ್ತು ಕಿಲೋಮೀಟರಿಗೂ ಮೇಲೆ. ಉಬ್ಬರ ತರುವ ಏಳು ಕಿಲೋಮೀಟರ್ ಸಾಲವಿದ್ದಂತೆ, ಹಿಂತಿರುಗಿಸಲೇಬೇಕು. ಗಾಳಿ ಒಯ್ದ ಒಂಬತ್ತು ಕಿಲೋಮೀಟರ್ ಹೋದದ್ದೇ. ಮೊದಲ ವರದಿಯಲ್ಲಿ ನಮಗೆ ಕಾಣದೆ ಹೋದದ್ದು ಇದು.

ತುದಿ ಮುಚ್ಚಿದ್ದರೆ ಅದೇ ಎರಡು ಗಾಳಿಗಳಿಗೆ ನೀರಿನ ಏರು 4 ಸೆಂಟಿಮೀಟರ್ ಮತ್ತು 35 ಸೆಂಟಿಮೀಟರ್. ಆಳ ಮೂರರ ಬದಲು 30 ಮೀಟರ್ ಆಗಿದ್ದರೆ ದೊಡ್ಡ ಗಾಳಿಗೂ ಏರು ನಾಲ್ಕು ಸೆಂಟಿಮೀಟರ್ ದಾಟುವುದಿಲ್ಲ. ಗಾಳಿಯ ಆಟವೆಲ್ಲ ತೆಳುನೀರಿನಲ್ಲಿ.

ಮಾದರಿಯನ್ನು ಎರಡನೆಯ ಸಲ ಓಡಿಸುವಾಗ 8760 ಸಾಲುಗಳನ್ನೂ ಉಣಿಸಿದೆವು. ಲ್ಯಾಬಿನ ಕಂಪ್ಯೂಟರು ರಾತ್ರಿಯಿಡೀ ನಡೆಯಿತು. ಬಂದ ಚಿತ್ರ ತಲೆಕೆಳಗಾಗಿತ್ತು: ನೈಋತ್ಯದ ಬಿರುಗಾಳಿಗಳಲ್ಲಿ ನೀರು ನೈಋತ್ಯಕ್ಕೇ ಓಡುತ್ತಿತ್ತು. ಇದಕ್ಕೆ ಕಾರಣ ಹುಡುಕಲು ಒಂದಿಡೀ ದಿನ ಹೋಯಿತು. ಗಾಳಿಗೆ ಅದು ಬರುವ ದಿಕ್ಕಿನಿಂದ ಹೆಸರು, ನೀರಿನ ಹರಿವಿಗೆ ಅದು ಹೋಗುವ ದಿಕ್ಕಿನಿಂದ ಹೆಸರು. ಪಡುಗಾಳಿ ಮೂಡಣಕ್ಕೆ ಬೀಸುತ್ತದೆ, ಮೂಡಣ ಪ್ರವಾಹವೂ ಮೂಡಣಕ್ಕೇ ಹರಿಯುತ್ತದೆ. ಚಿಹ್ನೆಯೊಂದನ್ನು ತಿರುಗಿಸಿದ ಮೇಲೆ ಎಲ್ಲವೂ ನೆಟ್ಟಗಾಯಿತು. ಈ ಕೆಲಸ ಮಾಡುವ ಯಾರೇ ಆಗಲಿ ಮೊದಲು ಇದನ್ನು ನೋಡಿಕೊಳ್ಳಬೇಕು.

ಈಗ ಕಂಡದ್ದು ಹೀಗಿದೆ. ಶಾಂತ ದಿನಗಳಲ್ಲಿ ವ್ಲೀಯಿಂದ ಮಾರ್ಸ್‌ಡೀಪ್ ಕಡೆಗೆ ನಿಧಾನವಾದ ಹರಿವು. ನೈಋತ್ಯದ ಗಾಳಿ ಜೋರಾದಾಗ ಅದು ಮೊದಲು ತಗ್ಗಿ, ಆಮೇಲೆ ನಿಂತು, ಆಮೇಲೆ ದಿಕ್ಕು ಬದಲಿಸಿ, ಮಾರ್ಸ್‌ಡೀಪ್‌ನಿಂದ ಹೊಕ್ಕ ನೀರು ವ್ಲೀಯಿಂದ ಹೊರಬೀಳುತ್ತದೆ. ಈ ಎರಡು ಅಳಿವೆಗಳನ್ನು ಸೇರಿಸುವ ಗೆರೆಯೇ ನೈಋತ್ಯದಿಂದ ಈಶಾನ್ಯಕ್ಕೆ ಇರುವುದರಿಂದ, ಮತ್ತು ಆ ದೇಶದಲ್ಲಿ ಹೆಚ್ಚಾಗಿ ಬೀಸುವ ಗಾಳಿಯೂ ನೈಋತ್ಯದ್ದೇ ಆದ್ದರಿಂದ, ಇದು ಅಪರೂಪದ ಘಟನೆಯೇನಲ್ಲ. ನೈಜ ತಳರೂಪವನ್ನಿಟ್ಟುಕೊಂಡು ದೊಡ್ಡ ಕಂಪ್ಯೂಟರುಗಳಲ್ಲಿ ಮಾಡಿದ ಅಧ್ಯಯನಗಳೂ ಗಾಳಿ ಹರಿವಿನ ಪ್ರಮಾಣವನ್ನಷ್ಟೇ ಅಲ್ಲ, ದಿಕ್ಕನ್ನೂ ಬದಲಿಸುತ್ತದೆ ಎಂದೇ ಹೇಳುತ್ತವೆ. ಮಾರ್ಸ್‌ಡೀಪ್‌ನಲ್ಲಿ ಅಳತೆಗಳಿಗೂ ಕೊರತೆಯಿಲ್ಲ. ಡೆನ್ ಹೆಲ್ಡರ್ ಮತ್ತು ಟೆಕ್ಸೆಲ್ ನಡುವೆ ದಿನವಿಡೀ ಜನ, ವಾಹನ ಸಾಗಿಸುವ ಫೆರಿ ಹಡಗಿನ ತಳಕ್ಕೆ 1998ರಲ್ಲಿ ಧ್ವನಿಯ ಅಲೆಗಳಿಂದ ನೀರಿನ ವೇಗ ಅಳೆಯುವ ಉಪಕರಣವನ್ನು ಕೂಡಿಸಿದರು. ಹಡಗು ಒಂದೊಂದು ಸಲ ದಾಟಿದಾಗಲೂ ಅಳಿವೆಯ ಅಡ್ಡಗಲಕ್ಕೆ ಒಂದು ಅಳತೆ. ಹೇಗೂ ಓಡುವ ಹಡಗಿನಿಂದ ಇಂಥ ಕೆಲಸ ತೆಗೆದ ಜಾಣ್ಮೆಯನ್ನು ಕಂಡು ನಮ್ಮ ಹುಡುಗರು ಕೃಷ್ಣೆಯ ಸೇತುವೆಗಳ ಬಗ್ಗೆ ಯೋಚಿಸತೊಡಗಿದ್ದರು.

ಮಾದರಿ ಹಿಡಿಯಲಾರದ್ದೂ ಬಹಳ ಇತ್ತು. ಪ್ರತಿ ದ್ವೀಪದ ಹಿಂದೆ, ಎರಡು ಅಳಿವೆಗಳಿಂದ ಬಂದ ಉಬ್ಬರಗಳು ಸಂಧಿಸುವಲ್ಲಿ, ವೇಗ ಸತ್ತು ಕೆಸರು ಕೂತು ಒಂದು ದಿಬ್ಬ ಬೆಳೆದಿರುತ್ತದೆ. ಡಚ್ಚರು ಅದನ್ನು ವಾಂಟೈ ಎನ್ನುತ್ತಾರೆ. ನಮ್ಮ ಹೊಲಗಳ ನಡುವಿನ ಬದುವಿನಂತೆ ಅದು ಎರಡು ಕೊಳಗಳನ್ನು ಬೇರ್ಪಡಿಸುತ್ತದೆ. ಶಾಂತ ದಿನಗಳಲ್ಲಿ ಅದನ್ನು ದಾಟುವ ನೀರು ಕಡಿಮೆ, ಬಿರುಗಾಳಿ ಮಟ್ಟವನ್ನು ಏರಿಸಿದ ದಿನ ಉಬ್ಬರದ ತುದಿಯಲ್ಲಿ ನೀರು ಬದು ಹತ್ತಿ ದಾಟುತ್ತದೆ, ಮತ್ತು ಅಲ್ಲಿನ ನೀರು ತೆಳುವಾದ್ದರಿಂದ ಗಾಳಿಯ ಹಿಡಿತವೂ ಅಲ್ಲಿಯೇ ಹೆಚ್ಚು. ಒಂದೇ ಆಳದ ನಮ್ಮ ಕಾಲುವೆಯಲ್ಲಿ ಬದುವೂ ಇರಲಿಲ್ಲ, ಬಯಲು ಒಣಗುವುದೂ ಇರಲಿಲ್ಲ. ವಾಯವ್ಯದ ಬಿರುಗಾಳಿಗಳ ಕಥೆಯೇ ಬೇರೆ. ಅವು ಕೊಳದ ಮೇಲೆ ಬೀಸುವುದಕ್ಕಿಂತ ಮುಖ್ಯವಾಗಿ ಇಡೀ ಉತ್ತರ ಸಮುದ್ರದ ನೀರನ್ನು ಈ ದಂಡೆಗೆ ತಂದು ಒಟ್ಟುತ್ತವೆ. 1953ರ ಫೆಬ್ರವರಿ 1ರಂದು ನೆದರ್‌ಲ್ಯಾಂಡ್ಸ್‌ನ ನೈಋತ್ಯ ಭಾಗದಲ್ಲಿ 1836 ಜನರನ್ನು ಬಲಿ ತೆಗೆದುಕೊಂಡ ನೆರೆಗೆ ಕಾರಣವಾದದ್ದು ಅಂಥ ಗಾಳಿ. ಆಗ ನೀರು ಎಲ್ಲ ಅಳಿವೆಗಳಿಂದಲೂ ಒಟ್ಟಿಗೆ ನುಗ್ಗುತ್ತದೆ. ಕೊಳದ ಮೇಲಿನ ಗಾಳಿಯನ್ನಷ್ಟೇ ನೋಡುವ ಮಾದರಿಗೆ ಅದು ಕಾಣುವುದೇ ಇಲ್ಲ. ಇವೆರಡನ್ನೂ ವರದಿಯಲ್ಲಿ ಒಪ್ಪಿಕೊಂಡು ಬರೆದೆವು.

ಅಂತಿಮ ವರದಿ ಕಟ್ಟುವ ಮೊದಲು ಆಳಂದದ ಹುಡುಗಿ ಮೊದಲ ಅಧ್ಯಾಯವನ್ನು ಕೈಯಲ್ಲಿ ಹಿಡಿದು ಬಂದಳು. ಎಲ್ಲಕ್ಕೂ ಮೂಲವಾದ ಫ್ರೀಬೋರ್ಡ್ ಲೆಕ್ಕವನ್ನು ಅವರು ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದರು: 10 ಕಿಲೋಮೀಟರ್ ಹರವು, 10 ಮೀಟರ್ ಆಳದ ಒಂದು ಜಲಾಶಯ, ಗಂಟೆಗೆ 100 ಕಿಲೋಮೀಟರ್ ಗಾಳಿ, ಏರು 16 ಸೆಂಟಿಮೀಟರ್. ಅದರ ಪಕ್ಕದಲ್ಲಿ ಅವಳು ಪೆನ್ಸಿಲಿನಲ್ಲಿ ಇನ್ನೊಂದು ಲೆಕ್ಕ ಹಾಕಿದ್ದಳು: ಅದೇ ಜಲಾಶಯ, ಗಂಟೆಗೆ 15 ಕಿಲೋಮೀಟರಿನ ಸಾಧಾರಣ ಗಾಳಿ, ಏರು ನಾಲ್ಕು ಮಿಲಿಮೀಟರಿಗೂ ಕಡಿಮೆ. "ಒಡ್ಡು ಕಟ್ಟೋರು ಯಾರೂ ಸರಾಸರಿ ಗಾಳಿ ಹಿಡಿಯಂಗಿಲ್ಲ ಸರ. ಮೊದಲನೇ ಅಧ್ಯಾಯದಾಗ ನಾವೂ ಹಿಡಿದಿದ್ದಿಲ್ಲ" ಎಂದಳು. ಆ ಪೆನ್ಸಿಲ್ ಲೆಕ್ಕವನ್ನು ಅಳಿಸದೆ ಹಾಗೆಯೇ ಟೈಪ್ ಮಾಡಿಸಿ ಸೇರಿಸಲು ಹೇಳಿ, ಗಾಳಿಯ ಪಾತ್ರ ಗೌಣ ಎಂಬ ಹಳೆಯ ಸಾಲಿದ್ದ ಕರಡಿನ ಪುಟವನ್ನು ನಾನು ನನ್ನ ಪಾಠದ ಫೈಲಿನಲ್ಲಿ ಇಟ್ಟುಕೊಂಡೆ.